ಮುಂದ ಲಗ್ನ, ಹಿಂದ ಖೂನಿ

ಮೊದಲು ಒಂದು ಒಗಟು ಹಾಕತೀನಿ, ಬಿಡಿಸ್ರಿ. ಮುಂದ ಲಗ್ನ ನಡದೈತಿ, ಹಿಂದ ಖೂನಿ ಆಗೈತಿ. ನಡುವ ಗೋಡಿ ಇಲ್ಲ, ಪರದೆ ಇಲ್ಲ. ಲಗ್ನಕ್ಕ ಬಂದಾಕಿಗೆ ಖೂನಿ ಬ್ಯಾಡ, ಖೂನಿ ನೋಡಾಕ ಬಂದಾಕಿಗೆ ಲಗ್ನ ಬ್ಯಾಡ. ಇಬ್ಬರೂ ಒಂದ ಮನಿಯವರು. ಏನದು?

ಬಿಡ್ರಿ, ಗೊತ್ತಾಗೂದಿಲ್ಲ. ಬೀಡಿ ಅನ್ನುವ ಊರಿನ ನಮ್ಮ ಮನೆಯಲ್ಲಿ ಅದು ನಾನು ಹುಟ್ಟುವ ಮೊದಲಿನಿಂದ ಕಪಾಟಿನಲ್ಲೇ ಕುಂತಿತ್ತು, ನಮಗೇ ಗೊತ್ತಾಗಲಿಲ್ಲ. ಹಳೇ ಕತೆ ಪತ್ರಿಕೆಗಳ ನಡುವೆ ಕುಂತವನಿಗೆ ಇಂಥವು ಬೆನ್ನು ಹತ್ತುತ್ತಲೇ ಇರುತ್ತವೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನಾನು ಅಲ್ಲಿ ಹೆಂಗ ಕುಂತೆ ಅಂದರೆ, ಹತ್ತನೇ ಇಯತ್ತೆಯಲ್ಲಿ ಗಣಿತ ನನ್ನನ್ನು ಫೇಲು ಮಾಡಿತು. ಮತ್ತೊಮ್ಮೆ ಕಟ್ಟಿದೆ, ಮತ್ತೊಮ್ಮೆ ಮಾಡಿತು. ಅದಕ್ಕೂ ಬ್ಯಾಸರ ಇಲ್ಲ, ನನಗೂ ಇಲ್ಲ. ಅಪ್ಪನಿಗೆ ಮಾತ್ರ ಬ್ಯಾಸರ ಬಂತು. ಬೆಳಗಾವಿಯಲ್ಲಿ ನಮ್ಮವ್ವನ ಅಣ್ಣ, ಅಂದರೆ ಮಾಮಾ, ಹಳೇ ಪತ್ರಿಕೆಗಳ ಅಂಗಡಿ ಇಟ್ಟಿದ್ದಾನೆ. ಅಪ್ಪ ನನ್ನನ್ನು ತಂದು ಅಲ್ಲಿ ಕುಂಡ್ರಿಸಿ, "ಇಂವ ಓದಿ ಉದ್ಧಾರ ಆಗಲಿಲ್ಲ, ಓದಿದ್ದನ್ನ ಮಾರಿ ಆದರೂ ಆಗಲಿ" ಅಂದ.

ಅಂಗಡಿಯಲ್ಲಿ ಕಪಾಟಿಗೊಂದು ಸ್ವಭಾವ. ಪತ್ತೇದಾರಿ ಮಾಸಿಕಗಳದ್ದು ಖೂನಿ ಕಪಾಟು. ದೆವ್ವದ ಮಾಸಿಕಗಳದ್ದು ಅಂಜುವ ಕಪಾಟು. ಹೆಣ್ಣುಮಕ್ಕಳ ಸಂಸಾರದ ಕತೆಗಳದ್ದು ಅಳುವ ಕಪಾಟು. ಕೆಳಗೆ ನೆಲದ ಮೇಲೆ ವಾರಪತ್ರಿಕೆಗಳ ರಾಶಿ. ಬಾಜುಕ್ಕೆ ಮರಾಠಿ ದಿವಾಳಿ ಅಂಕಗಳು, ಅಂದರೆ ದೀಪಾವಳಿ ವಿಶೇಷಾಂಕಗಳು, ಮೂಲೆಯಲ್ಲಿ ಉರ್ದು ಡೈಜೆಸ್ಟುಗಳು. ಸಂಜೆ ಕದ ಮುಚ್ಚಿದರೆ ಒಳಗೆ ಎಲ್ಲರೂ ಅವರವರ ಭಾಷೆಯಲ್ಲಿ ಅಳುತ್ತಾರೆ, ಸಾಯುತ್ತಾರೆ, ಲಗ್ನ ಆಗುತ್ತಾರೆ.

೧. ಕಂಡಕ್ಟರ್ ಮೊದಲು ಓದುತ್ತಿದ್ದ

ಟಿವಿ ಬರುವ ಮೊದಲು ವಾರಪತ್ರಿಕೆ ರೈಲಿನಲ್ಲಿ ಖಾನಾಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹತ್ತಿ ಬೀಡಿಗೆ ಬರುತ್ತಿತ್ತು. ಬಸ್ಸಿನ ಹಾದಿ ಉದ್ದ, ಕಂಡಕ್ಟರ್ ಓದು ಬಲ್ಲವ. ಊರು ಬರುವುದರೊಳಗೆ ಧಾರಾವಾಹಿಯ ಆ ವಾರದ ಕಂತು ಅವನದು ಮುಗಿದಿರುತ್ತಿತ್ತು. ಆಯಿ, ಅಂದರೆ ನಮ್ಮ ಅಪ್ಪನ ಅವ್ವ, ಪತ್ರಿಕೆ ಇಸಗೊಳ್ಳಲು ಕಟ್ಟೆಯ ಹತ್ತಿರ ನಿಂತಿರುತ್ತಿದ್ದಳು. ಅವನು ಪತ್ರಿಕೆ ಕೊಟ್ಟು, "ಅಕ್ಕಾರ, ಈ ವಾರ ಮನಸ್ಸು ಗಟ್ಟಿ ಮಾಡ್ಕೊಂಡು ಓದ್ರಿ" ಎಂದು ಹೇಳಿಯೇ ಸೀಟಿ ಊದುತ್ತಿದ್ದನಂತೆ.

ಒಂದು ವಾರ ಆಯಿ ಎಷ್ಟು ನಿಂತರೂ ಬಸ್ಸು ನಿಲ್ಲಲಿಲ್ಲ. ಧೂಳೆಬ್ಬಿಸಿಕೊಂಡು ಅವಳ ಮುಂದೆಯೇ ಹಾದು ಹೋಯಿತು. ಮುಂದಿನ ಊರಿನಿಂದ ಬೀಡಿಯ ಮಂದಿ ಗಂಟು ಹೊತ್ತುಕೊಂಡು ನಡೆದು ವಾಪಸ್ಸು ಬಂದರು. ಕಂಡಕ್ಟರ್ ಕಂತನ್ನು ಗಟ್ಟಿಯಾಗಿ ಓದುತ್ತಿದ್ದನಂತೆ, ಡ್ರೈವರ್ ಕೇಳುತ್ತಿದ್ದನಂತೆ. ನಡೆದು ಬಂದವರಲ್ಲಿ ಒಬ್ಬರೂ ತಕರಾರು ಹೇಳಲಿಲ್ಲ. ಅವರೂ ಇಳಿಯುವುದನ್ನು ಮರೆತಿದ್ದರು.

೨. ಒಂದು ಪತ್ರಿಕೆ, ಎರಡು ಕತ್ತರಿ

ನಮ್ಮ ಮನೆಗೆ ಬರುವ ಪತ್ರಿಕೆ ಒಂದು, ಓದುವವರು ಇಬ್ಬರು. ಆಯಿ ಮತ್ತು ಅವಳ ನೆಗೆಣ್ಣಿ. ನೆಗೆಣ್ಣಿ ಅಂದರೆ ನಮ್ಮ ಸಣ್ಣಜ್ಜನ ಹೆಂಡತಿ, ನನಗೆ ಸಣ್ಣಾಯಿ. ಆಯಿಗೆ ಖೂನಿಯ ಕತೆ ಬೇಕು, ಸಣ್ಣಾಯಿಗೆ ಲಗ್ನದ ಕತೆ ಬೇಕು. ಆಗೆಲ್ಲ ಧಾರಾವಾಹಿಯನ್ನು ಓದಿ ಒಗೆಯುತ್ತಿರಲಿಲ್ಲ. ವಾರವಾರ ಆ ಪುಟಗಳನ್ನಷ್ಟೇ ಕತ್ತರಿಸಿ ಟ್ರಂಕಿನಲ್ಲಿಟ್ಟು, ಕಡೇ ಕಂತು ಬಂದ ಮೇಲೆ ದಬ್ಬಣದಿಂದ ಹೊಲಿದು, ರಟ್ಟು ಅಂಟಿಸಿ, ಮನೆಯಲ್ಲೇ ಪುಸ್ತಕ ಮಾಡುತ್ತಿದ್ದರು. ಹೊಲಿಗೆ ಎಷ್ಟು ಗಟ್ಟಿ ಅಂದರೆ ನಮ್ಮ ಸಾಲಿಚೀಲ ಹರಿದಿವೆ, ಆ ಪುಸ್ತಕಗಳು ಹರಿದಿಲ್ಲ.

ಒಂದು ವರ್ಷ ಆಯಿಯ ಧಾರಾವಾಹಿಯಲ್ಲಿ ವಾಡೆಯ ದೇಸಾಯಿಯ ಖೂನಿ ಆಯಿತು. ಸಂಶಯ ನಾಲ್ಕು ಮಂದಿಯ ಮೇಲೆ: ಎರಡನೇ ಹೆಂಡತಿ, ಅಳಿಯ, ದಿವಾನ, ಡಾಕ್ಟರ್. ಅದೇ ಪತ್ರಿಕೆಯಲ್ಲಿ ಸಣ್ಣಾಯಿಯ ಧಾರಾವಾಹಿಯೂ ನಡೆದಿತ್ತು. ಅದರಲ್ಲಿ ಸಾಲಿ ಕಲಿಸುವ ಒಬ್ಬ ಬಡ ಅಕ್ಕೋರಿಗೆ ಲಗ್ನ ಕೂಡುತ್ತಿತ್ತು, ಮುರಿಯುತ್ತಿತ್ತು, ಮತ್ತೆ ಕೂಡುತ್ತಿತ್ತು. ಎರಡೂ ಒಂದೇ ವಾರ ಮುಗಿದವು. ಆ ವಾರ ಆಯಿ ತವರಿಗೆ ಹೋಗಿದ್ದಳು. ಬಂದು ನೋಡಿದರೆ ಪತ್ರಿಕೆಯಲ್ಲಿ ಖೂನಿ ಮಾಡಿದವನ ಪುಟವೇ ಇಲ್ಲ.

ಸಣ್ಣಾಯಿ, "ನಾ ನನ್ನ ಲಗ್ನ ಕತ್ತರಿಸೀನಿ, ಆಕಿ ಖೂನಿಗೆ ಕತ್ತರಿ ಹಚ್ಚಿಲ್ಲ" ಅಂದಳು. ಆಯಿ, "ಕಳ್ಳಿ" ಅಂದಳು. ಅವತ್ತಿನಿಂದ ಇಬ್ಬರೂ ಎಮ್ಮೆ, ಉಪ್ಪಿನಕಾಯಿ, ಸೊಸೆಯರು ಎಲ್ಲದರ ಬಗ್ಗೆಯೂ ಕುಂತು ಮಾತಾಡುತ್ತಾರೆ. ಕತೆಯ ಮಾತು ಬಂತೋ, ಒಬ್ಬಳು ಎದ್ದು ನೀರಿಗೆ ಹೋಗುತ್ತಾಳೆ. ಈಗ ಮನೆಯೊಳಗೇ ನಳ ಬಂದಿದೆ, ಆದರೂ ಹೋಗುತ್ತಾಳೆ.

ಈಗಿನ ಸಂಗತಿ ಏನಂದರೆ ಆಯಿಯ ಕಣ್ಣಿಗೆ ಪೊರೆ ಬಂದಿದೆ. ಮೊನ್ನೆ ಬಾಗಿಲಿಗೆ ಬಂದ ಕರುವಿಗೆ, "ಬಾ ತಂಗಿ, ಕುಂದರು, ಚಾ ಕುಡದ ಹೋಗು" ಅಂದಳು. ಕರು ಕುಂತೂ ಬಿಟ್ಟಿತು, ಅದು ಬೇರೆ ಮಾತು. ಬೆಳಗಾವಿಯ ನೆಹರು ನಗರದ ದವಾಖಾನೆಯಲ್ಲಿ ಆಪರೇಷನ್ನಿಗೆ ದಿನ ಕೊಟ್ಟರು. ಇನ್ನೂ ತಡ ಮಾಡಿದರೆ ಕಷ್ಟ ಅಂತಲೂ ಹೇಳಿದರು. ಆಯಿ ಒಲ್ಲೆ ಅಂದಳು.

"ಆಪರೇಶನ್ ಆದ ಮ್ಯಾಲ ಕಣ್ಣು ಬರಲಿಲ್ಲಂದರ? ದೇಸಾಯಿನ್ನ ಕೊಂದಾಂವ ಯಾರಂತ ತಿಳೀಲಾರದ ನಾ ಆ ಮೇಜಿನ ಮ್ಯಾಲ ಮಲಗೂದಿಲ್ಲ."

ಅಪ್ಪ ಕೈ ಮುಗಿದ, ಸಿಟ್ಟು ಮಾಡಿದ, ಡಾಕ್ಟರ ಕಡೆಯಿಂದ ಫೋನು ಮಾಡಿಸಿದ. ಆಯಿ ಡಾಕ್ಟರಿಗೂ ಅದನ್ನೇ ಹೇಳಿದಳು. ಕಡೆಗೆ ಅಪ್ಪ ನನ್ನ ಕಡೆ ತಿರುಗಿ, "ನೀ ಆ ರದ್ದಿಯಾಗ ಬಿದ್ದಿರತೀಯಲ್ಲ, ಆ ಪುಟ ಹುಡುಕು. ಜನ್ಮದಾಗ ಒಂದು ಕೆಲಸ ಮಾಡು" ಅಂದ.

ಅಂಗಡಿಗೆ ರಜೆ ಇದ್ದಾಗ ಬೀಡಿಗೆ ಬಂದು ನಾನು ಸುಲಭದ ಕೆಲಸ ಮೊದಲು ಮಾಡಿದೆ. ಸಣ್ಣಾಯಿ ಇಲ್ಲದಾಗ ಅವಳ ಪುಸ್ತಕ ತೆಗೆದು ನೋಡಿದೆ. ಕಡೇ ಪುಟದಲ್ಲಿ ಅಕ್ಕೋರು ಬಾಸಿಂಗ ಕಟ್ಟಿಕೊಂಡು ಕುಂತಿದ್ದರು. ಅದಾದ ಮೇಲೆ ರಟ್ಟು. ಖೂನಿಯ ಸುಳಿವಿಲ್ಲ. ಆಮೇಲೆ ಸುಳಿವು ಸಿಕ್ಕೀತೆಂದು ಆಯಿಯ ಮುಂದೆ ಕುಂತು ಅವಳ ಪುಸ್ತಕವನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಕ್ರಿಕೆಟ್ ಮ್ಯಾಚ್ ಇದ್ದ ದಿನ ನಡುವೆ ಒಂದೊಂದು ಕಂತು ಹಾರಿಸುತ್ತಿದ್ದೆ. ಆಯಿ ಒಂದೂ ಮಾತಾಡುತ್ತಿರಲಿಲ್ಲ. ಅವಳಿಗೆ ನಿದ್ದೆ ಹತ್ತಿದೆ ಅಂತ ನಾನು ತಿಳಿದಿದ್ದೆ.

೩. ಹವಾಲ್ದಾರರ ತನಿಖೆ

ಅಂಗಡಿಯ ಖೂನಿ ಕಪಾಟಿಗೆ ಖಾಯಂ ಗಿರಾಕಿ ಒಬ್ಬರು, ನಿವೃತ್ತ ಹವಾಲ್ದಾರರು. ಪತ್ತೇದಾರಿ ಮಾಸಿಕ ಒಯ್ದು, ಓದಿ, ಅದನ್ನು ವಾಪಸ್ಸು ಕೊಟ್ಟು ಬೇರೆ ಒಯ್ಯುತ್ತಾರೆ. ನನಗೆ ಕುಂತಲ್ಲಿ ಕೈ ಸುಮ್ಮನಿರುವುದಿಲ್ಲ. ಒಂದು ಮಾಸಿಕದ ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ, "ಖೂನಿ ಮಾಡಿದವ ಅಡಗಿಯಾಂವ" ಎಂದು ಬರೆದು ಅವರಿಗೆ ಕೊಟ್ಟೆ. ನಾನು ಆ ಕತೆ ಓದಿರಲಿಲ್ಲ, ಅದರಲ್ಲಿ ಅಡುಗೆಯವನು ಇದ್ದಾನೋ ಇಲ್ಲೋ ಅದೂ ಗೊತ್ತಿರಲಿಲ್ಲ. ಬರೀ ಮಜಾ.

ಅವರು ಬಂದರು. ಮಾರಿ ಬಿಗಿದಿತ್ತು. ನಾನು ಕಪಾಟಿನ ಹಿಂದೆ ಸರಿದೆ. ಮಾಸಿಕವನ್ನು ಮೇಜಿನ ಮೇಲೆ ಇಟ್ಟು ಮಾಮಾನಿಗೆ, "ಇದರಾಗ ಕಡೀಕ ವಕೀಲನ್ನ ಹಿಡದಾರ" ಅಂದರು. ಮಾಮಾ, ಹೌದ್ರಿ ಸಾಹೇಬ್ರ, ವಕೀಲನೇ ಮಾಡಿದ್ದು, ನಾನೂ ಓದೀನಿ ಅಂದ.

"ಏನು ಓದಿದಿ? ಮೊದಲನೇ ಪುಟದಾಗ ಯಾರೋ ಪಾಪ ಹೆಸರಿಲ್ಲದ ಸುಳಿವು ಕೊಟ್ಟಾರ, ಅಡಗಿಯಾಂವ ಅಂತ. ಅಂಥಾದ್ದನ್ನ ಯಾರೂ ಸುಮ್ಮ ಬರಿಯೂದಿಲ್ಲ. ನಾ ಇಡೀ ಕತಿ ಅಡಗಿಯಾಂವನ ಮ್ಯಾಲ ಕಣ್ಣಿಟ್ಟ ಓದಿದೆ. ಅಂವಾ ಎಲ್ಲಾ ಕಡೆ ಅದಾನ."

ಮತ್ತೆ ಪತ್ತೇದಾರ ವಕೀಲನನ್ನು ಯಾಕೆ ಹಿಡಿದ ಅಂತ ಮಾಮಾ ಕೇಳಿದ. ಹವಾಲ್ದಾರರು ಅತ್ತಿತ್ತ ನೋಡಿ, ದನಿ ಇಳಿಸಿ ಹೇಳಿದರು:

"ರೊಕ್ಕ ತಿಂದಾನ."

ನಮ್ಮ ಆಯಿಯ ಧಾರಾವಾಹಿಯನ್ನೂ ಅವರು ಓದಿದ್ದರಂತೆ. ಆದರೆ ಕಡೇ ವಾರ ಬಂದೋಬಸ್ತಿಗೆ ಬೇರೆ ಊರಿಗೆ ಹಾಕಿದ್ದರಿಂದ ಅದೊಂದು ತಪ್ಪಿತಂತೆ. ಖೂನಿ ಮಾಡಿದವರು ಸಿಗದೇ ಇರುವುದು ಬಂದೋಬಸ್ತಿನಿಂದಲೇ ಅಂತ ಅವರ ಅಭಿಪ್ರಾಯ.

೪. ಪಾಳಿ

ಖಾನಾಪುರದಲ್ಲಿ ಒಬ್ಬ ಕಾಕಾ ಇದ್ದಾರೆ, ಮನೆಯಲ್ಲಿ ಮರಾಠಿ, ಓದುವುದು ಮರಾಠಿ ಕನ್ನಡ ಎರಡೂ. ಅವರ ಅಟ್ಟದ ಮೇಲೆ ಹಳೇ ವಾರಪತ್ರಿಕೆ ಇವೆ ಅಂತ ಸುದ್ದಿ ತಿಳಿದು ಹೋದೆ. ಕಾಕಾ ನನ್ನನ್ನು ನೋಡಿ, ಮಾಮಾನ ಅಂಗಡಿಯವನು ಅಂತ ಗೊತ್ತಾಗಿ, ಕೇಳಿದ ಮೊದಲ ಮಾತು, "ಅರೇ ಬಾಳಾ, ನನ್ನ ಪಾಳಿ ಬಂತೇನು?"

ನನಗೆ ತಿಳಿಯಲಿಲ್ಲ. ಆಮೇಲೆ ಮಾಮಾ ಬಿಡಿಸಿ ಹೇಳಿದ. ಅಂಗಡಿ ಮೊದಲು ಅವನ ಅಪ್ಪನದು, ಅಂದರೆ ನಮ್ಮ ಅಜ್ಜನದಿತ್ತು, ಆಗ ಅದು ಓದಲು ಕೊಡುವ ಲೈಬ್ರರಿ. ದಿವಾಳಿ ಬಂತೆಂದರೆ ಮರಾಠಿ ಅಂಕಗಳು ಹಬ್ಬದ ತಿಂಡಿ ತುಂಬಿದ ಫರಾಳದ ಡಬ್ಬಿಯಷ್ಟು ದಪ್ಪ ಬರುತ್ತಿದ್ದವು. ಕತೆ, ಕವಿತೆ, ರಾಶಿಭವಿಷ್ಯ, ನಡುನಡುವೆ ಸೀರೆಯ ಜಾಹಿರಾತು. ಕನ್ನಡದ ದೀಪಾವಳಿ ವಿಶೇಷಾಂಕಗಳೂ ಹಂಗೇ ಹೊಟ್ಟೆ ಬಂದು ಕುಂಡ್ರುತ್ತಿದ್ದವು. ಎಲ್ಲರಿಗೂ ಕೊಳ್ಳಲಾಗುತ್ತಿರಲಿಲ್ಲ, ಪಾಳಿ ಹಚ್ಚುತ್ತಿದ್ದರು. ಮೊದಲಿನವರಿಗೆ ಚಕ್ಕುಲಿ ಜೋಡಿ ಸಿಕ್ಕರೆ ಕಡೆಯವರಿಗೆ ಮಾವಿನಹಣ್ಣಿನ ಕಾಲಕ್ಕೆ ಸಿಗುತ್ತಿತ್ತು. ಕಾಕಾ ಒಂದು ಅಂಕಕ್ಕೆ ಹಚ್ಚಿದ ಪಾಳಿ ಬರುವ ಮೊದಲೇ ಅಜ್ಜ ಲೈಬ್ರರಿ ಮುಚ್ಚಿದ.

ನನಗೆ ಪಾಪ ಅನ್ನಿಸಿತು. ಅಂಗಡಿಯ ಬಾಜುಕ್ಕಿನ ರಾಶಿಯಲ್ಲಿ ಅದೇ ಅಂಕ ಹುಡುಕಿ, ಧೂಳು ಝಾಡಿಸಿ, ಒಯ್ದು ಅವರ ಕೈಗೆ ಕೊಟ್ಟೆ. ಕಾಕಾ ಕನ್ನಡಕ ಹಾಕಿಕೊಂಡು ಮುಖಪುಟವನ್ನು ಕೈಯಿಂದ ಸವರಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ವಾಪಸ್ಸು ಕೊಟ್ಟರು.

"ನನ್ನ ಮುಂದ ಒಬ್ಬಾಂವ ಇದ್ದ. ಹಿಂದಿನ ಗಲ್ಲಿಯ ಮಾಸ್ತರ. ಆಂವಂದು ಮುಗೀಲಿ."

ಮಾಸ್ತರರು ತೀರಿಕೊಂಡು ಬಹಳ ವರ್ಷ ಆದವಲ್ಲ ಕಾಕಾ ಅಂದೆ.

"ಹೌದಲ್ಲ," ಅಂದರು ಕಾಕಾ, "ಓದೂದರಾಗ ಭಾಳ ಸಾವಕಾಶ, ಮೊದಲಿಂದಾನೂ."

ಅಟ್ಟದ ಮೇಲಿದ್ದ ವಾರಪತ್ರಿಕೆಗಳಲ್ಲಿ ನಮಗೆ ಬೇಕಾದದ್ದು ಇರಲಿಲ್ಲ. ಮಾಸ್ತರರೇ ಒಯ್ದಿರಬೇಕು.

೫. ಸೈಜು ಒಂದ

ನಮ್ಮ ಅಂಗಡಿಯ ಪತ್ರಿಕೆಗಳಿಗೆ ಬೈಂಡಿಂಗ್ ಮಾಡುವವರು ಒಬ್ಬ ಚಾಚಾ. ಅವರು ಉರ್ದು ಓದುತ್ತಾರೆ, ಉರ್ದು ಡೈಜೆಸ್ಟಿನ ಕತೆಗಳನ್ನು ಚಾ ಅಂಗಡಿಯಲ್ಲಿ ನಮಗೆ ಕನ್ನಡದಲ್ಲಿ ಹೇಳುತ್ತಾರೆ. ಕತೆ ಮುಗಿಯುವತನಕ ಚಾ ಯಾರು ಕುಡಿಸಬೇಕು ಅನ್ನುವುದು ನಮಗೆ ಬಿಟ್ಟ ವಿಷಯ. ಕನ್ನಡ ಅಕ್ಷರ ಮಾತ್ರ ಅವರಿಗೆ ಬರುವುದಿಲ್ಲ. ಕಟ್ಟುವಾಗ ಅವರು ಅಳತೆ ನೋಡುತ್ತಾರೆ.

ನೆಹರು ನಗರದ ಒಬ್ಬ ಅಜ್ಜಿ ಸಂಸಾರದ ಕತೆಗಳ ಮಾಸಿಕಗಳನ್ನು ಕಟ್ಟಿಸಿ ಕೊಡಲು ಹೇಳಿದ್ದರು. ಅಳುವ ಕಪಾಟಿನ ಜೋಡಿ ಅಂಜುವ ಕಪಾಟಿನ ಒಂದು ಸಂಚಿಕೆಯನ್ನು ಚಾಚಾನ ಚೀಲದಲ್ಲಿ ಹಾಕಿದವನು ನಾನೇ. ಚಾಚಾ ಎರಡನ್ನೂ ಕೂಡಿಸಿ ಕಟ್ಟಿದರು. ಅಂಜುವ ಕಪಾಟಿನ ಸಂಚಿಕೆ ಕಾಣದೆ ಮಾಮಾನಿಗೆ ಅದು ತಿಳಿದದ್ದು ಅಜ್ಜಿ ಒಯ್ದ ಮೇಲೆ. ಸೊಸೆ ಹಾಲಿನ ಲೋಟ ಹಿಡಿದು ಅತ್ತೆಯ ಖೋಲಿಯ ಬಾಗಿಲು ತೆಗೆಯುವಲ್ಲಿಗೆ ಸಂಸಾರದ ಪುಟ ಮುಗಿದು, ಮುಂದಿನ ಪುಟದಲ್ಲಿ ಕೂದಲು ಬಿಟ್ಟುಕೊಂಡ ದೆವ್ವ ಜಂತಿಗೆ ಜೋತು ಬಿದ್ದಿತ್ತು. ಮಾಮಾ ತಲೆ ಹಿಡಿದುಕೊಂಡ. ಇದು ಹೆಂಗಾತು ಚಾಚಾ ಅಂದರೆ, "ಅರೇ, ಸೈಜು ಒಂದ ಇತ್ತಲ್ಲ" ಅಂದರು.

ಅಜ್ಜಿ ಬಂದರು. ಮಾಮಾ ಕೈ ಮುಗಿದು ತಪ್ಪಾಯಿತು ಅನ್ನುವ ಮೊದಲೇ ಅವರು ಕುರ್ಚಿ ಎಳೆದುಕೊಂಡು ಕುಂತರು.

"ಭಾಳ ಛಲೋ ಕತಿ ಬಿಡ್ರಿ. ಅತ್ತಿ ಮ್ಯಾಲ ಸಂಶಯ ನನಗ ಮೊದಲಿಂದಾನೂ ಇತ್ತು. ಆಮ್ಯಾಲಿಂದು ಬಂದಿದ್ದರ ಕೊಡ್ರಿ, ನಮ್ಮ ಸೊಸಿನೂ ಓದಬೇಕಂತಾಳ."

೬. ರಟ್ಟಿನೊಳಗಿನವನು

ಇತ್ತ ಆಪರೇಷನ್ನಿನ ದಿನ ಹತ್ತಿರ ಬಂತು. ಎಲ್ಲೂ ಆ ಸಂಚಿಕೆ ಸಿಗಲಿಲ್ಲ. ಚಾಚಾನ ಮುಂದೆ ಕುಂತು ನಮ್ಮ ಮನೆಯ ಸಂಕಟ ತೋಡಿಕೊಂಡೆ. ಅವರು ಅಂಟು ಕಲಸುತ್ತ ಕೇಳಿದರು.

"ಸಣ್ಣಾಯಿ ಪುಸ್ತಕದಾಗ ಕಡೀ ಪುಟದ ಹಿಂದ ಏನೈತಿ ಬೇಟಾ?"

ರಟ್ಟೈತಿ ಚಾಚಾ ಅಂದೆ.

"ರಟ್ಟು ಪುಟಕ್ಕ ಹೆಂಗ ಹತ್ತಿಕೊಂಡೈತಿ?"

ಅಂಟು ಹಚ್ಚಿ ಅಂದೆ. ಚಾಚಾ ಕೈಯಲ್ಲಿದ್ದ ಬ್ರಶ್ಶು ನಿಲ್ಲಿಸಿ ನನ್ನ ಮಾರಿ ನೋಡುತ್ತ ಕುಂತರು. ಗಣಿತದಲ್ಲಿ ನಾನು ಯಾಕೆ ಫೇಲಾದೆ ಅಂತ ಅವರಿಗೆ ತಿಳಿಯಿತು, ನನಗೆ ಒಗಟು ತಿಳಿಯಿತು. ಒಂದೇ ಹಾಳೆ! ಮುಂದಿನ ಮಗ್ಗುಲಿಗೆ ಅಕ್ಕೋರ ಲಗ್ನ, ಹಿಂದಿನ ಮಗ್ಗುಲಿಗೆ ದೇಸಾಯಿಯ ಖೂನಿ. ಸಣ್ಣಾಯಿ ಲಗ್ನ ಕತ್ತರಿಸಿದ್ದಳು, ಹಿಂದಿನ ಮಗ್ಗುಲಿಗೆ ಅಂಟು ಬಳಿದು ರಟ್ಟಿಗೆ ಅಂಟಿಸಿದ್ದಳು. ಖೂನಿ ಮಾಡಿದವ ಇಷ್ಟು ವರ್ಷ ನಮ್ಮ ಕಪಾಟಿನಲ್ಲೇ ಬೋರಲು ಬಿದ್ದಿದ್ದ. ಆಯಿಗೆ ಸಿಟ್ಟಿನಲ್ಲಿ ಹಾಳೆಗೆ ಎರಡು ಮಗ್ಗುಲು ಇರುತ್ತವೆ ಅನ್ನುವುದೇ ಮರೆತಿತ್ತು. ಸಣ್ಣಾಯಿ ಆಮೇಲೆ ಹೇಳಿದಂತೆ, ಅವಳಿಗೆ ಅದು ಗೊತ್ತಾದಾಗ ಅಂಟು ಒಣಗಿತ್ತು. ಅಷ್ಟರಲ್ಲಿ ಆಯಿ ಕಳ್ಳಿ ಅಂದಿದ್ದಳು. ಹಂಗ ಅನ್ನಿಸಿಕೊಂಡ ಮೇಲೆ ಯಾಕೆ ಹೇಳಬೇಕು ಅಂತ ಅವಳು ಬಾಯಿ ಮುಚ್ಚಿದ್ದಳು.

ಚಾಚಾನನ್ನು ಬಸ್ಸು ಹತ್ತಿಸಿಕೊಂಡು ಬೀಡಿಗೆ ಬಂದೆ. ಉಗಿ ಹಿಡಿದು ಬಿಡಿಸಬಹುದು, ಆದರೆ ಲಗ್ನದ ಮಗ್ಗುಲು ಹರಿಯಲೂಬಹುದು ಅಂದರು ಚಾಚಾ. ಸಣ್ಣಾಯಿ ಪುಸ್ತಕವನ್ನು ಎದೆಗೆ ಅವಚಿಕೊಂಡಳು. ಆ ಅಕ್ಕೋರ ಲಗ್ನ ಕೂಡಬೇಕಾದರೆ ಅವಳು ಇಡೀ ವರ್ಷ ಕಾದಿದ್ದಳು. ಆಯಿ ಕಟ್ಟೆಯ ಮೇಲೆ ಬೇರೆ ಕಡೆ ಮಾರಿ ಮಾಡಿ ಕುಂತಿದ್ದಳು. ನೆಗೆಣ್ಣಿಯನ್ನು ಬಾಯಿಬಿಟ್ಟು ಕೇಳುವುದಿಲ್ಲ ಅಂದರೆ ಕೇಳುವುದಿಲ್ಲ.

ಆಯಿ ಬಾಜುಕ್ಕಿದ್ದ ನೀರಿನ ತಂಬಿಗೆ ತಡಕಾಡಿ, ಸಿಗದೆ, ಚಾಚಾನ ಅಂಟಿನ ಡಬ್ಬಿ ಎತ್ತಿ ಬಾಯಿಗೆ ಹಿಡಿದಳು. ಸಣ್ಣಾಯಿ ಹೋಗಿ ಡಬ್ಬಿ ಕಸಿದುಕೊಂಡು, ತಂಬಿಗೆ ಕೈಗೆ ಕೊಟ್ಟು, ಪುಸ್ತಕ ಚಾಚಾನ ಮುಂದೆ ಇಟ್ಟಳು.

"ಬಿಡಸ್ರಿ ಚಾಚಾ. ಹರದರ ಹರೀಲಿ. ನನ್ನ ಪುಟ ನನಗ ಬಾಯಿಪಾಠ ಐತಿ."

ಒಲೆಯ ಮೇಲೆ ನೀರು ಕುದಿಯಿತು. ಚಾಚಾ ಉಗಿ ಹಿಡಿದು, ಚಪ್ಪಟೆ ಕಡ್ಡಿ ತೂರಿಸಿ, ಎಳೆಗೂಸಿನ ಅಂಗಿ ಬಿಚ್ಚಿದಂತೆ ಹಾಳೆ ಬಿಡಿಸಿದರು. ಅಕ್ಕೋರಿಗೆ ಒಂದು ಗೀಟೂ ಬೀಳಲಿಲ್ಲ. ಖೂನಿಯ ಮಗ್ಗುಲಿನ ಅಕ್ಷರಗಳು ಮಾತ್ರ ಹಾಳೆ ಬಿಟ್ಟು ರಟ್ಟಿಗೇ ಹತ್ತಿಕೊಂಡು ಉಳಿದಿದ್ದವು, ಅವೂ ಉಲ್ಟಾ. ನಾನು ಗೋಡೆಯ ಕನ್ನಡಿ ತಂದು ರಟ್ಟಿಗೆ ಹಿಡಿದೆ. ಸಣ್ಣಾಯಿ ನನ್ನ ಹೆಗಲ ಮೇಲಿಂದ ಬಗ್ಗಿದಳು. ಆಯಿ ಕಟ್ಟೆಯಿಂದ ಇಳಿದು ಬಂದು ನನ್ನ ಮೊಣಕಾಲು ಹಿಡಿದುಕೊಂಡು ಕುಂತಳು.

ಓದಿದೆ. ಪತ್ತೇದಾರ ಎಲ್ಲರನ್ನೂ ವಾಡೆಯ ಪಡಸಾಲೆಯಲ್ಲಿ ಕೂಡಿಸಿದ್ದಾನೆ. ಕಂದೀಲು ಹಚ್ಚಿದ್ದಾನೆ. ಮೀಸೆ ತಿರುವಿ ಅನ್ನುತ್ತಾನೆ: ದೇಸಾಯರನ್ನು ಕೊಂದವರು ಬೇರೆ ಯಾರೂ ಅಲ್ಲ...

ಅಲ್ಲಿ ಒಂದು ತೂತು. ಅಂಟಿನ ರುಚಿ ಹತ್ತಿದ ಹುಳ ಇಡೀ ಪುಟ ಬಿಟ್ಟು ಬರೀ ಆ ಹೆಸರು ತಿಂದಿತ್ತು. ಉಳಿದ ಸಾಲುಗಳಲ್ಲಿ ಬರೀ ಬೇಡಿಯ ಸಪ್ಪಳ, ಎರಡನೇ ಹೆಂಡತಿಯ ಅಳು.

"ಯಾರು?" ಅಂದಳು ಆಯಿ. ಮೊಣಕಾಲ ಮೇಲಿನ ಕೈ ಬಿಗಿಯಾಯಿತು.

ನನ್ನ ಬಾಯಿಗೆ ಬಂದದ್ದು, "ದಿವಾನ."

ಆಯಿಯ ಕೈ ಸಡಿಲಾಯಿತು. "ದಿವಾನ ನಡುವಿನ ಕಂತಿನಾಗ ಬಾವಿಗೆ ಬಿದ್ದ ಸತ್ತಾನಲ್ಲೋ. ನೀ ಮ್ಯಾಚಿಗೆ ಓಡಿ ಹೋದ ದಿನ ಬಿಟ್ಟ ಕಂತು ಅದು."

ಅಂದರೆ ಅವಳಿಗೆ ನಿದ್ದೆ ಹತ್ತಿರಲಿಲ್ಲ. ಆಪರೇಷನ್ನು, ಅಪ್ಪನ ಮಾರಿ, ಚಾ ಕುಡಿಯಲು ಕುಂತ ಕರು ಎಲ್ಲವೂ ಕಣ್ಣ ಮುಂದೆ ಬಂದವು. ಕನ್ನಡಿಯಲ್ಲಿ ಕಣ್ಣಿಟ್ಟು, ಮುಂದೆ ಓದುವವನಂತೆ ಸಾವಕಾಶ ಹೇಳಿದೆ: ದಿವಾನ ಸತ್ತಿರಲಿಲ್ಲ. ಬಾವಿಗೆ ಬಿದ್ದದ್ದು ಅವನ ರುಮಾಲು, ಅವನ ಚಪ್ಪಲಿ. ಅವನು ಹಿತ್ತಲ ದಾರಿ ಹಿಡಿದು ವಾಡೆಯೊಳಗೇ ಬಂದು ಅಡಗಿದ್ದ.

ಸಣ್ಣಾಯಿ ನನ್ನ ಹೆಗಲ ಮೇಲಿಂದ ತೂತನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಆಯಿಯ ಕಡೆ ತಿರುಗಿ, "ಹೌದಕ್ಕಾ. ಹಂಗ ಬರದೈತಿ" ಅಂದಳು.

ಆಯಿ ತೊಡೆ ಬಡಿದುಕೊಂಡಳು.

"ನಾ ಅವತ್ತ ಅಂದಿದ್ದೆ! ಹೆಣ ಯಾರೂ ನೋಡಿರಲಿಲ್ಲ."

ಆ ಸಂಜೆ ಇಬ್ಬರೂ ಒಂದೇ ಚಾಪೆಯ ಮೇಲೆ ಕುಂತು ದಿವಾನನಿಗೆ ಶಾಪ ಹಾಕಿದರು. ಆಪರೇಷನ್ನು ಆಯಿತು, ಕಣ್ಣು ಬಂದವು. ಪಟ್ಟಿ ಬಿಚ್ಚಿದ ಕೂಡಲೇ ಆಯಿ ನನ್ನನ್ನು ನೋಡಿ, "ಎಲಾ, ನಿನಗ ಮೀಸಿ ಯಾವಾಗ ಬಂದುವೋ?" ಅಂದಳು.

ಆದರೆ ಹೇಳಬೇಕಾದದ್ದು ಅದಕ್ಕಿಂತ ಮೊದಲಿನದು. ಆಯಿಯನ್ನು ಒಳಗೆ ಕರೆದುಕೊಂಡು ಹೋದಾಗ ಹೊರಗಿನ ಬೆಂಚಿನ ಮೇಲೆ ನಾನು ಮತ್ತು ಸಣ್ಣಾಯಿ ಇಬ್ಬರೇ ಇದ್ದೆವು. ನನಗೆ ತಡೆಯಲಾಗಲಿಲ್ಲ. ರಟ್ಟು ಅಂಟಿಸುವ ಮೊದಲು ನೀ ಹಿಂದಿನ ಮಗ್ಗಲ ಓದೇ ಓದೀದಿ, ಖರೇ ಹೇಳು, ಕೊಂದಾಂವ ಯಾರು ಅಂದೆ. ಅವಳು ಆಪರೇಷನ್ ಖೋಲಿಯ ಬಾಗಿಲು ಮುಚ್ಚಿದೆಯೇ ಅಂತ ನೋಡಿ, ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು.

"ಡಾಕ್ಟರ. ಮೇಜಿನ ಮ್ಯಾಲ ಮಲಗಿಸಿ, ಸೂಜಿ ಚುಚ್ಚಿ ಕೊಂದಾನ. ಇದನ್ನ ಮೊದಲ ಹೇಳಿದ್ದರ ನಿಮ್ಮಾಯಿ ಒಳಗ ಹೊಕ್ಕಿದ್ದಳೇನು?"

ಇಲ್ಲಿಗೆ ನಿಲ್ಲಿಸಿದ್ದರೆ ಛಲೋ ಇತ್ತು. ಆದರೆ ಖರೇ ಏನಂದರೆ ಸಣ್ಣಾಯಿ ಡಾಕ್ಟರ ಅನ್ನಲಿಲ್ಲ. ನಾ ಕೇಳಿದ್ದಕ್ಕೆ ಬಾಗಿಲ ಕಡೆ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು, ಅಷ್ಟೇ. ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅಲ್ಲೂ ಒಂದು ತೂತಿತ್ತು, ನಾನೇ ತುಂಬಿದೆ. ನೀವು ಮಾತ್ರ ನಮ್ಮಾಯಿ ಹಂಗ, ಕೊಂದಾಂವ ಡಾಕ್ಟರನ ಅಂತ ನಾ ಮೊದಲ ಅಂದಿದ್ದೆ ಅನ್ನಬ್ಯಾಡ್ರಿ.